ಮೈಕೇಲ್ ಫ್ಯಾರಡೆ ಮಾತು ಕಲಿತ ಬಗೆ

ಮೈಕೇಲ್ ಫ್ಯಾರಡೆಯ ಹೆಸರನ್ನು ಕೇಳದೆ ಹೈಸ್ಕೂಲು ದಾಟಿದವರು ಇರಲಾರರು. 1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಈತ ಕಬ್ಬಿಣದ ಬಳೆಯೊಂದರ ಎರಡು ಬದಿಗೆ ತಾಮ್ರದ ತಂತಿ ಸುತ್ತಿ, ಒಂದು ಸುತ್ತಿನಲ್ಲಿ ವಿದ್ಯುತ್ತನ್ನು ಹರಿಸಿದ ಮತ್ತು ನಿಲ್ಲಿಸಿದ ಗಳಿಗೆಯಲ್ಲಿ ಇನ್ನೊಂದು ಸುತ್ತಿನಲ್ಲಿಯೂ ಕ್ಷಣಮಾತ್ರ ವಿದ್ಯುತ್ತು ಹರಿಯುವುದನ್ನು ಕಂಡ. ಜೋಗದ ನೀರಿನಿಂದ ವಿದ್ಯುತ್ತು ತೆಗೆಯುವ ಯಂತ್ರದ ಮೂಲತತ್ವ ಅದೇ. ಇದೆಲ್ಲ ಪಠ್ಯಪುಸ್ತಕಗಳಲ್ಲಿ ಇದೆ. ನಾನು ಇಲ್ಲಿ ಬರೆಯಹೊರಟಿರುವುದು ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ ಬೇರೊಂದು ಸಂಗತಿಯನ್ನು. ತನ್ನ ಕಾಲದ ಇಂಗ್ಲೆಂಡಿನಲ್ಲಿ ವಿಜ್ಞಾನವನ್ನು ಜನರಿಗೆ ಹೇಳುವುದರಲ್ಲಿ ಫ್ಯಾರಡೆಯನ್ನು ಮೀರಿಸಿದವರು ಇರಲಿಲ್ಲ. ಆ ಶಕ್ತಿ ಅವನಿಗೆ ಹುಟ್ಟಿನಿಂದ ಬಂದದ್ದೆಂದು ಹೇಳುವ ವಾಡಿಕೆ ಇದೆ. ಅವನ ಕಾಗದಪತ್ರಗಳು ಹಾಗೆ ಹೇಳುವುದಿಲ್ಲ. ಕಮ್ಮಾರನ ಮಗ ಕಮ್ಮಾರಿಕೆ ಕಲಿಯುವಂತೆ ಅವನು ಮಾತನಾಡುವುದನ್ನು ಕಲಿತ. ಅದಕ್ಕೆ ಹಲವು ವರ್ಷ ಹಿಡಿಯಿತು. ಇಷ್ಟಾದರೂ ತನ್ನ ಅತ್ಯಂತ ದೊಡ್ಡ ವಿಚಾರವನ್ನು ಸಹೋದ್ಯೋಗಿ ವಿದ್ವಾಂಸರಿಗೆ ಮನಗಾಣಿಸುವುದು ಅವನಿಂದ ಬಹುಕಾಲ ಆಗಲಿಲ್ಲ.

ಕಮ್ಮಾರನ ಮಗ ಎಂದದ್ದು ಉಪಮೆಗಾಗಿ ಅಲ್ಲ. ತಂದೆ ಜೇಮ್ಸ್ ಫ್ಯಾರಡೆ ನಿಜಕ್ಕೂ ಕಮ್ಮಾರ. ಉತ್ತರ ಇಂಗ್ಲೆಂಡಿನ ವೆಸ್ಟ್‌ಮೋರ್‌ಲ್ಯಾಂಡ್ ಸೀಮೆಯ ಹಳ್ಳಿಯೊಂದರಿಂದ ಹೊಟ್ಟೆಪಾಡಿಗಾಗಿ ಲಂಡನ್ನಿಗೆ ಬಂದವನು. ಊರು ಬಿಟ್ಟು ಮಹಾನಗರ ಸೇರಿದವರ ಕಷ್ಟಸುಖ ನಮಗೆ ಹೊಸದಲ್ಲವಷ್ಟೆ. 1791ರ ಸೆಪ್ಟೆಂಬರ್ 22ರಂದು ಹುಟ್ಟಿದ ಮೈಕೇಲನಿಗೆ ದೊರೆತ ಶಾಲೆ ಓದು, ಬರಹ, ಲೆಕ್ಕಕ್ಕೆ ಮುಗಿಯಿತು. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಅವನ ಪಾಲಿಗೆ ವಾರಕ್ಕೆ ಒಂದು ಬ್ರೆಡ್ಡು. ಹದಿಮೂರನೆಯ ವಯಸ್ಸಿಗೆ ರೀಬೋ ಎಂಬ ಪುಸ್ತಕ ವ್ಯಾಪಾರಿಯಲ್ಲಿ ಪತ್ರಿಕೆ ಹಂಚುವ ಕೆಲಸಕ್ಕೆ ಸೇರಿದ. ಮರುವರ್ಷ ಅಲ್ಲಿಯೇ ಬೈಂಡಿಂಗ್ ಕೆಲಸ ಕಲಿಯಲು ಏಳು ವರ್ಷದ ಕರಾರು.

ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಹುಡುಗ ಓದುತ್ತಿದ್ದ. ಅವುಗಳಲ್ಲಿ ಒಂದು, 1806ರಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾದ 'ರಸಾಯನಶಾಸ್ತ್ರದ ಸಂಭಾಷಣೆಗಳು'. ಬರೆದವಳು ಜೇನ್ ಮಾರ್ಸೆಟ್ ಎಂಬ ಗೃಹಿಣಿ. ಆಕೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗುತ್ತಿದ್ದಳು. ಪ್ರಯೋಗಗಳೇನೋ ಸೊಗಸಾಗಿದ್ದವು, ಆದರೆ ವಿಷಯ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಸ್ನೇಹಿತರೊಬ್ಬರೊಡನೆ ಅದೇ ವಿಷಯವನ್ನು ಮಾತಾಡಿಕೊಂಡಾಗ ಅರ್ಥವಾಯಿತು. ಹಾಗಾದರೆ ಬೇರೆಯವರಿಗೂ ಮಾತುಕತೆಯ ರೂಪದಲ್ಲಿಯೇ ಹೇಳಬೇಕೆಂದು ನಿಶ್ಚಯಿಸಿ, ಒಬ್ಬ ಉಪಾಧ್ಯಾಯಿನಿಯನ್ನೂ ಎಮಿಲಿ, ಕ್ಯಾರೋಲಿನ್ ಎಂಬ ಇಬ್ಬರು ಹುಡುಗಿಯರನ್ನೂ ಕಲ್ಪಿಸಿ ಪುಸ್ತಕ ಬರೆದಳು. ಹುಡುಗಿಯರು ತಪ್ಪು ಹೇಳುತ್ತಾರೆ, ಅಡ್ಡಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ಉಪನಿಷತ್ತಿನ ಕಾಲದಿಂದ ಬಂದಿರುವ ಪ್ರಶ್ನೋತ್ತರದ ಕ್ರಮವೇ ಇದು. ಆ ಪುಸ್ತಕದಲ್ಲಿ ಹೇಳಿದ್ದನ್ನು ಫ್ಯಾರಡೆ ತನಗೆ ಎಟುಕುವ ಸಣ್ಣ ಪ್ರಯೋಗಗಳಿಂದ ಪರೀಕ್ಷಿಸಿ, ನಿಜವೆಂದು ಕಂಡು ನಂಬಿದ. ಯೂರೋಪಿನಲ್ಲೆಲ್ಲ ಹೆಸರಾದ ಮೇಲೂ ತನ್ನ ಲೇಖನಗಳ ಪ್ರತಿಯನ್ನು ಅವಳಿಗೆ ಕಳುಹಿಸುವುದನ್ನು ಬಿಡಲಿಲ್ಲ. ವಿಜ್ಞಾನದ ಇತಿಹಾಸದಲ್ಲಿ ಮಾರ್ಸೆಟ್‌ಗೆ ಸಿಕ್ಕಿರುವ ಸ್ಥಳ ಸಾಲದೆಂದು ನನ್ನ ಅಭಿಪ್ರಾಯ. ಅವಳು ಏನನ್ನೂ ಕಂಡುಹಿಡಿಯಲಿಲ್ಲ ಎನ್ನುವವರು, ಅವಳ ಪುಸ್ತಕ ಯಾರನ್ನು ಈ ದಾರಿಗೆ ಹಚ್ಚಿತೆಂಬುದನ್ನು ನೋಡಬೇಕು.

1810ರಿಂದ ಅವನು ಟೇಟಂ ಎಂಬಾತನ ಮನೆಯಲ್ಲಿ ನಡೆಯುತ್ತಿದ್ದ ಸಂಜೆಯ ಉಪನ್ಯಾಸಗಳಿಗೆ ಹೋಗತೊಡಗಿದ. ಪ್ರವೇಶಕ್ಕೆ ಒಂದು ಶಿಲಿಂಗ್; ಅದನ್ನು ಕೊಡುತ್ತಿದ್ದವನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಡೇವಿಯ ನಾಲ್ಕು ಉಪನ್ಯಾಸಗಳಿಗೆ ಟಿಕೇಟು ಕೊಟ್ಟರು. ಫ್ಯಾರಡೆ ಅಲ್ಲಿ ಕೇಳಿದ್ದನ್ನೆಲ್ಲ ಚಿತ್ರಸಮೇತ ಮುನ್ನೂರಕ್ಕೂ ಹೆಚ್ಚು ಪುಟ ಬರೆದು, ತಾನೇ ಬೈಂಡ್ ಮಾಡಿ, ಕೆಲಸ ಕೇಳುವ ಪತ್ರದೊಡನೆ ಡೇವಿಗೆ ಕಳುಹಿಸಿದ. 1813ರ ಮಾರ್ಚ್‌ನಲ್ಲಿ ಕೆಲಸ ಸಿಕ್ಕಿತು: ವಾರಕ್ಕೆ 25 ಶಿಲಿಂಗ್, ಮಾಳಿಗೆಯ ಮೇಲೆ ಎರಡು ಕೋಣೆ, ಉರುವಲು ಮತ್ತು ಮೇಣದಬತ್ತಿ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಉಪನ್ಯಾಸಕರ ಸಾಮಾನು ಹೊಂದಿಸಿ ಕೊಡುವುದು, ತೊಳೆದಿಡುವುದು ಇವನ ಪಾಲಿನ ಕೆಲಸ. ಮೂಲೆಯಲ್ಲಿ ನಿಂತವನಿಗೆ ಉಪನ್ಯಾಸಕರೂ ಕಾಣುತ್ತಾರೆ, ಕೇಳುವವರ ಮುಖವೂ ಕಾಣುತ್ತದೆ. ಆ ಜೂನ್ ತಿಂಗಳಲ್ಲಿ ಗೆಳೆಯ ಬೆಂಜಮಿನ್ ಅಬಟ್‌ಗೆ ಅವನು ಬರೆದ ಪತ್ರಗಳು ಇಂದಿಗೂ ಉಳಿದಿವೆ. ಅವುಗಳ ವಿಷಯ ಉಪನ್ಯಾಸ ಹೇಗಿರಬೇಕು ಎಂಬುದು. ಇಪ್ಪತ್ತೊಂದು ವರ್ಷದ, ಒಂದು ಭಾಷಣವನ್ನೂ ಮಾಡಿರದ ಸಹಾಯಕ, ಸಭಾಂಗಣದ ಗಾಳಿಬೆಳಕಿನಿಂದ ಮೊದಲು ಮಾಡುತ್ತಾನೆ. ಉಸಿರುಕಟ್ಟುವ ಕೋಣೆಯಲ್ಲಿ ಯಾರ ತಲೆಗೂ ಏನೂ ಹೋಗುವುದಿಲ್ಲ. ಕಿವಿಗಿಂತ ಕಣ್ಣಿನ ಮೂಲಕ ವಿಷಯ ಬೇಗ ಒಳಗೆ ಹೋಗುತ್ತದೆ, ಆದ್ದರಿಂದ ಪ್ರಯೋಗ ಇರಬೇಕು. ಆದರೆ ಉಪಕರಣಗಳು ಒಂದರ ಹಿಂದೊಂದು ಮರೆಯಾಗಬಾರದು. ಉಪನ್ಯಾಸಕ ಅವಸರಪಡಬಾರದು, ಕೇಳುವವರಿಗೆ ಆದಷ್ಟು ಬೆನ್ನು ತಿರುಗಿಸಬಾರದು. ಒಂದು ಗಂಟೆ ಯಾರಿಗಾದರೂ ಸಾಕು. ಚಪ್ಪಾಳೆಗಾಗಿ ಗಾಳ ಹಾಕುವವನು ತನ್ನ ಘನತೆಯನ್ನು ತಾನೇ ಕಳೆದುಕೊಳ್ಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಕೇಳುಗರ ಆಸಕ್ತಿ ಆರಂಭದಲ್ಲಿ ಹೊತ್ತಿಕೊಂಡು ಕೊನೆಯವರೆಗೂ ಉರಿಯುತ್ತಿರಬೇಕು.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಮುಖ್ಯ ಅತಿಥಿಗಳಿಗೆ ಹಾರದ ಜೊತೆಗೆ ಈ ಪತ್ರಗಳ ಒಂದೊಂದು ಪ್ರತಿಯನ್ನೂ ಕೊಡಬಾರದೇಕೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಇರಲಿ.

ಬರೆದುಕೊಂಡದ್ದನ್ನು ಆಚರಣೆಗೆ ತರಲು ಅವನು ಪಟ್ಟ ಶ್ರಮ ಅಸಾಧಾರಣವಾದದ್ದು. ಸಂಜೆ ತನ್ನ ಮಾಳಿಗೆಯ ಕೋಣೆಯಲ್ಲಿ ಐದಾರು ಗೆಳೆಯರನ್ನು ಸೇರಿಸಿ, ಗಟ್ಟಿಯಾಗಿ ಓದಿ, ಒಬ್ಬರ ಉಚ್ಚಾರ ಮತ್ತು ವಾಕ್ಯರಚನೆಯನ್ನು ಇನ್ನೊಬ್ಬರು ತಿದ್ದುವ ಏರ್ಪಾಡು ಮಾಡಿದ. ಮುಲಾಜಿಲ್ಲದೆ ಟೀಕಿಸುವುದೇ ಅಲ್ಲಿಯ ಕರಾರು. 1816ರ ಜನವರಿಯಲ್ಲಿ ಮೊದಲ ಉಪನ್ಯಾಸ, ಅದೂ ತನ್ನಂಥ ದುಡಿಯುವ ಯುವಕರೇ ಕಟ್ಟಿಕೊಂಡಿದ್ದ ಸಣ್ಣ ಸಂಘದಲ್ಲಿ. 1818ರಲ್ಲಿ ಸ್ಮಾರ್ಟ್ ಎಂಬ ವಾಗ್ಮಿತೆಯ ಶಿಕ್ಷಕನಲ್ಲಿ, ಬರುತ್ತಿದ್ದ ಅಲ್ಪ ಸಂಬಳದಲ್ಲಿಯೇ ಹಣ ಕೊಟ್ಟು ಪಾಠ ಕೇಳಿ ಟಿಪ್ಪಣಿ ಬರೆದುಕೊಂಡ. ತಾನೇ ದೊಡ್ಡ ಸಭೆಗಳಿಗೆ ಉಪನ್ಯಾಸಕನಾದ ಮೇಲೆ ಮಗ್ರಾತ್ ಎಂಬ ಗೆಳೆಯ ಸಭಿಕರ ನಡುವೆ ಕುಳಿತು ತಪ್ಪುಗಳ ಪಟ್ಟಿ ಮಾಡುತ್ತಿದ್ದ. ಫ್ಯಾರಡೆಗೆ ಮಾತಿನ ಓಘದಲ್ಲಿ ವೇಗ ಹೆಚ್ಚುವ ಸ್ವಭಾವ. ಅದಕ್ಕಾಗಿ 'ನಿಧಾನ' ಎಂದು ಬರೆದ ರಟ್ಟಿನ ಚೀಟಿಯೊಂದನ್ನು ಸದಾ ಎದುರಿಗೆ ಇಟ್ಟುಕೊಳ್ಳುತ್ತಿದ್ದ. ಅದನ್ನೂ ಮರೆತು ಓಡತೊಡಗಿದರೆ, ಸೈನ್ಯದಿಂದ ನಿವೃತ್ತನಾಗಿ ಬಂದಿದ್ದ ಸಹಾಯಕ ಆಂಡರ್ಸನ್ ಆ ಚೀಟಿಯನ್ನು ಕಣ್ಣೆದುರು ತಂದಿಡಬೇಕು. ಗಂಟೆ ಮುಗಿಯುತ್ತ ಬಂದಾಗ 'ಸಮಯ' ಎಂಬ ಇನ್ನೊಂದು ಚೀಟಿ.

1825ರಲ್ಲಿ ಪ್ರಯೋಗಶಾಲೆಯ ನಿರ್ದೇಶಕನಾದ ಮೇಲೆ ಸಂಸ್ಥೆಯ ಬಾಗಿಲು ಇನ್ನಷ್ಟು ತೆರೆಯಿತು. ಶುಕ್ರವಾರ ಸಂಜೆಯ ಉಪನ್ಯಾಸಗಳು ಬೆಳೆದವು. ಅದೇ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ಎಳೆಯರಿಗಾಗಿ ಉಪನ್ಯಾಸಮಾಲೆ ಆರಂಭವಾಯಿತು. 1827ರಿಂದ 1860ರವರೆಗೆ ಫ್ಯಾರಡೆ ಸ್ವತಃ ಇಂಥ 19 ಮಾಲೆಗಳನ್ನು ನಡೆಸಿದ. ಕಮ್ಮಾರನ ಮಗನೆದುರು 1855ರ ಡಿಸೆಂಬರ್ 27ರಂದು ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್, ಯುವರಾಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಕೇಳಿದ ಚಿತ್ರವೊಂದಿದೆ.

ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಮೇಣದಬತ್ತಿಯನ್ನು ಕುರಿತ ಆರು ಉಪನ್ಯಾಸಗಳು. 1848ರಲ್ಲಿ ಒಮ್ಮೆ ನಡೆಸಿ, 1860ರ ಕೊನೆಯಲ್ಲಿ ಮತ್ತೊಮ್ಮೆ ನಡೆಸಿದಾಗ ವಿಲಿಯಂ ಕ್ರೂಕ್ಸ್ ಎಂಬ ರಸಾಯನಜ್ಞ ಅವನ್ನು ಬರೆಸಿ 1861ರಲ್ಲಿ ಪುಸ್ತಕವಾಗಿ ತಂದ. ಪ್ರತಿ ಮನೆಯಲ್ಲೂ ಇರುವ ವಸ್ತುವನ್ನು ಹಿಡಿದು, ಇದು ಹೇಗೆ ಉರಿಯುತ್ತದೆ ಎಂದು ಕೇಳಿ, ಅಲ್ಲಿಂದ ಇಡೀ ರಸಾಯನಶಾಸ್ತ್ರಕ್ಕೆ ದಾರಿ ಮಾಡಿದ ಪುಸ್ತಕ ಅದು. ಕರಗಿದ ಮೇಣ ಬತ್ತಿಯಲ್ಲಿ ಏರುವುದು ಹೇಗೆ? ತಟ್ಟೆಯಲ್ಲಿ ಉಪ್ಪಿನ ಗುಡ್ಡೆ ನಿಲ್ಲಿಸಿ, ನೀಲಿ ಬಣ್ಣ ಹಾಕಿದ ಉಪ್ಪುನೀರನ್ನು ಬುಡಕ್ಕೆ ಸುರಿಯುತ್ತಾನೆ. ನೀಲಿ ಮೆಲ್ಲನೆ ಮೇಲೇರುತ್ತದೆ. ಉರಿಯುವುದು ಬತ್ತಿಯೋ, ಮೇಣವೋ, ಮೇಣದ ಆವಿಯೋ? ದೀಪವನ್ನು ಆರಿಸಿ, ಮೇಲೇಳುವ ಹೊಗೆಯ ಎಳೆಗೆ ಸ್ವಲ್ಪ ದೂರದಿಂದಲೇ ಕಡ್ಡಿ ತೋರಿಸಿದರೆ ಬೆಂಕಿ ಎಳೆಯ ಗುಂಟ ಇಳಿದು ಬಂದು ಬತ್ತಿಯನ್ನು ಹೊತ್ತಿಸುತ್ತದೆ. ಓದುಗರು ಇದನ್ನು ಮಕ್ಕಳ ಎದುರಿಗೆ ಮಾಡಿ ನೋಡಬಹುದು. ಗಾಳಿಯಾಡದ ಜಾಗ ಬೇಕು, ಹಿರಿಯರು ಪಕ್ಕದಲ್ಲಿರಬೇಕು. ಉರಿಯಿಂದ ನೀರು ಹುಟ್ಟುತ್ತದೆ, ಇಂಗಾಲಾಮ್ಲ ಹುಟ್ಟುತ್ತದೆ. ಕೊನೆಯ ದಿನ, ನಮ್ಮ ಉಸಿರಾಟವೂ ಒಂದು ಬಗೆಯ ಮೆಲ್ಲನೆಯ ಉರಿಯುವಿಕೆಯೇ ಎಂಬಲ್ಲಿಗೆ ಮಕ್ಕಳನ್ನು ತಂದು ನಿಲ್ಲಿಸುತ್ತಾನೆ. ಗ್ರಂಥಾಲಯದ ಪ್ರತಿಯನ್ನು ಓದಿ ಮುಗಿಸಿದಾಗ, ಬಿ.ಎಸ್ಸಿ.ಯಲ್ಲಿ ದಹನಕ್ರಿಯೆಯ ಸಮೀಕರಣಗಳನ್ನು ಬಾಯಿಪಾಠ ಮಾಡಿದ್ದ ನನಗೆ, ದೀಪವನ್ನು ಆವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲವೆನ್ನಿಸಿತು.

ಸಭಾಂಗಣದ ಹೊರಗಿನ ಜನರನ್ನೂ ಅವನು ಮರೆಯಲಿಲ್ಲ. 1853ರಲ್ಲಿ ಲಂಡನ್ನಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತು. ನಾಲ್ಕಾರು ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ಅದು ತಾನಾಗಿ ಚಲಿಸುವುದೆಂದೂ, ಪ್ರೇತಗಳೋ ಹೊಸ ಶಕ್ತಿಯೋ ಕಾರಣವೆಂದೂ ಸುಶಿಕ್ಷಿತರೇ ನಂಬಿದರು. ಫ್ಯಾರಡೆ ಕೈಗಳ ಕೆಳಗೆ, ಮೆತ್ತನೆಯ ಅಂಟಿನಿಂದ ಸಡಿಲವಾಗಿ ಅಂಟಿಸಿದ ರಟ್ಟುಗಳನ್ನಿಟ್ಟ. ಮೇಜೇ ಕೈಯನ್ನು ಎಳೆಯುತ್ತಿದ್ದರೆ ಕೆಳಗಿನ ರಟ್ಟು ಮುಂದೆ ಸರಿಯಬೇಕು, ಸರಿದದ್ದು ಮೇಲಿನದು. ಎಂದರೆ ಕೈಗಳೇ, ತಮಗರಿವಿಲ್ಲದೆ, ಮೇಜನ್ನು ತಳ್ಳುತ್ತಿದ್ದವು. ಚಲನೆಯನ್ನು ತೋರಿಸುವ ಸೂಜಿಯೊಂದನ್ನು ಜೋಡಿಸಿ ಕುಳಿತವರ ಕಣ್ಣಿಗೆ ಕಾಣುವಂತೆ ಇಟ್ಟಾಗ ಮೇಜು ತಿರುಗುವುದೇ ನಿಂತಿತು. ಯಾರನ್ನೂ ಮೋಸಗಾರರೆಂದು ಕರೆಯದೆ 'ಟೈಮ್ಸ್' ಪತ್ರಿಕೆಗೆ ಬರೆದ. ಆದರೂ ನಂಬಿದವರಿಂದ ಅವನಿಗೆ ಬಂದ ಪತ್ರಗಳಲ್ಲಿ ಬೈಗುಳಕ್ಕೆ ಕೊರತೆಯಿರಲಿಲ್ಲ.

1855ರ ಜುಲೈ 7ರಂದು ಥೇಮ್ಸ್ ನದಿಯಲ್ಲಿ ಉಗಿದೋಣಿಯಲ್ಲಿ ಹೋಗುತ್ತಿದ್ದಾಗ ನೀರಿನ ಬಣ್ಣ ಮತ್ತು ನಾತವನ್ನು ಕಂಡು, ತನ್ನ ಬಿಳಿಯ ರಟ್ಟಿನ ಚೀಟಿಗಳನ್ನು ಹರಿದು, ಮುಳುಗಲೆಂದು ಒದ್ದೆ ಮಾಡಿ, ದೋಣಿ ನಿಂತ ಪ್ರತಿಯೊಂದು ಕಟ್ಟೆಯಲ್ಲೂ ಹಾಕುತ್ತ ಹೋದ. ಬಿಸಿಲು ಚೆನ್ನಾಗಿತ್ತು. ಆದರೂ ಒಂದಂಗುಲ ಮುಳುಗುವುದರೊಳಗೆ ಚೀಟಿ ಕಾಣದಾಗುತ್ತಿತ್ತು. ಇಷ್ಟನ್ನೇ ಪತ್ರಿಕೆಗೆ ಬರೆದ. ನದಿಯನ್ನು ಹೀಗೆ ನಿರ್ಲಕ್ಷಿಸಿದರೆ ಬೇಸಿಗೆಯೊಂದು ಬಂದು ನಮಗೆ ಪಾಠ ಕಲಿಸೀತು ಎಂದೂ ಎಚ್ಚರಿಸಿದ. ಮೂರು ವರ್ಷಕ್ಕೆ, 1858ರ ಬೇಸಿಗೆಯಲ್ಲಿ, ನಾತ ಪಾರ್ಲಿಮೆಂಟಿನ ಒಳಗೇ ನುಗ್ಗಿದಾಗ ಸದಸ್ಯರು ಮೂಗು ಮುಚ್ಚಿಕೊಂಡು ಹೊಸ ಚರಂಡಿಗಳಿಗೆ ಹಣ ಮಂಜೂರು ಮಾಡಿದರು. ರಾಸಾಯನಿಕ ವಿಶ್ಲೇಷಣೆಯ ಕೋಷ್ಟಕಗಳನ್ನು ಕೊಡಲು ಅವನಿಗೆ ಬರುತ್ತಿರಲಿಲ್ಲವೆ? ಬರುತ್ತಿತ್ತು. ಒಂದಂಗುಲ ಎಂದರೆ ಎಲ್ಲರಿಗೂ ತಿಳಿಯುತ್ತದೆಂದು ಅವನಿಗೆ ಗೊತ್ತಿತ್ತು. ನಮ್ಮ ಪುಣೆಯ ಮುಠಾ ನದಿಯ ಸೇತುವೆ ದಾಟುವಾಗ ಆ ಚೀಟಿಗಳು ನನಗೆ ನೆನಪಾಗುವುದುಂಟು.

ವಿದ್ಯುತ್ತಿನಿಂದ ಏನು ಪ್ರಯೋಜನವೆಂದು ಮಂತ್ರಿ ಗ್ಲ್ಯಾಡ್‌ಸ್ಟನ್ ಕೇಳಿದಾಗ, ಮುಂದೊಂದು ದಿನ ನೀವು ಅದಕ್ಕೆ ತೆರಿಗೆ ಹಾಕಬಹುದು ಎಂದು ಫ್ಯಾರಡೆ ಉತ್ತರಿಸಿದನೆಂಬ ಕಥೆ ಎಲ್ಲೆಡೆ ಪ್ರಚಲಿತ. ಸರ್ಕಾರಿ ಗುಮಾಸ್ತನಾದ ನನಗೆ ಅದು ಬಹಳ ಇಷ್ಟ. ಆದರೆ ಆ ಕಾಲದ ದಾಖಲೆ ಯಾವುದೂ ಅದಕ್ಕಿಲ್ಲವೆಂದು ಇತಿಹಾಸಕಾರರು ಹೇಳುವುದರಿಂದ ಬಿಟ್ಟುಬಿಡೋಣ.

ಇನ್ನು ವಿದ್ವಾಂಸರೊಡನೆ. ಇಲ್ಲಿ ದಾರಿ ಸುಗಮವಾಗಿರಲಿಲ್ಲ. 1821ರಲ್ಲಿ, ವಿದ್ಯುತ್ತು ಹರಿಯುವ ತಂತಿ ಅಯಸ್ಕಾಂತದ ಸುತ್ತ ಸುತ್ತುವಂತೆ ಮಾಡಿ, ಆ ವಿಷಯವನ್ನು ಅವಸರದಲ್ಲಿ ಪ್ರಕಟಿಸಿದ. ವೊಲಾಸ್ಟನ್ ಎಂಬ ಹಿರಿಯ ವಿಜ್ಞಾನಿ ಡೇವಿಯೊಡನೆ ಇದಕ್ಕೆ ಹತ್ತಿರದ ಪ್ರಯತ್ನವೊಂದನ್ನು ಅದೇ ಕಟ್ಟಡದಲ್ಲಿ ಮಾಡಿದ್ದ. ಲೇಖನದಲ್ಲಿ ಅವನ ಹೆಸರಿರಲಿಲ್ಲ. ಕೃತಿಚೌರ್ಯದ ಗುಸುಗುಸು ಹಬ್ಬಿತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಫ್ಯಾರಡೆಯ ಹೆಸರು ಮತಕ್ಕೆ ಬಂದಾಗ ಒಂದೇ ಒಂದು ವಿರೋಧಮತ ಬಿತ್ತು. ಅದಕ್ಕೆ ಮುಂಚೆ ಸ್ವತಃ ಗುರು ಡೇವಿಯೇ ಅವನ ಆಯ್ಕೆಯನ್ನು ವಿರೋಧಿಸಿದ್ದ. ಸಮಾನಸ್ಕಂಧರಿಗೆ ವಿಷಯ ತಿಳಿಸುವಾಗ ಪ್ರಯೋಗದ ವಿವರದಷ್ಟೇ, ಯಾರಿಂದ ಏನು ಬಂತೆಂದು ಹೇಳುವುದೂ ಮುಖ್ಯವೆಂಬುದನ್ನು ಅವನು ಕಹಿಯಾಗಿಯೇ ಕಲಿತ.

ಪದಗಳ ವಿಷಯದಲ್ಲಿ ಅವನು ಇನ್ನೂ ಎಚ್ಚರದವನು. ದ್ರಾವಣದಲ್ಲಿ ವಿದ್ಯುತ್ತು ಹರಿದು ವಸ್ತು ಒಡೆಯುವುದನ್ನು ವಿವರಿಸಲು ಆಗ ಬಳಕೆಯಲ್ಲಿದ್ದ 'ಧ್ರುವ' ಎಂಬ ಮಾತು ಅವನಿಗೆ ಒಪ್ಪಿಗೆಯಾಗಲಿಲ್ಲ. ಅಯಸ್ಕಾಂತದಂತೆ ಅವು ಸೆಳೆಯುತ್ತವೆಂಬ, ತಾನು ನಂಬದ ಅರ್ಥವನ್ನು ಅದು ಹೊತ್ತು ತರುತ್ತಿತ್ತು. ತನಗೆ ಗ್ರೀಕ್ ಬಾರದು. 1834ರಲ್ಲಿ ಕೇಂಬ್ರಿಜ್‌ನ ವಿದ್ವಾಂಸ ಹ್ಯೂವೆಲ್‌ಗೆ ಪತ್ರ ಬರೆದ. ಹಾಗೆ ಬಂದವು ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು: ಮೇಲೇರುವ ದಾರಿ, ಕೆಳಗಿಳಿಯುವ ದಾರಿ, ನಡೆಯುವವನು. ಸೂರ್ಯನ ಉದಯಾಸ್ತಗಳ ಹೋಲಿಕೆ ಅದರಲ್ಲಿದೆ. ಕನ್ನಡದಲ್ಲಿ ನಾವು ಇವನ್ನು ಧನಾಗ್ರ, ಋಣಾಗ್ರ ಎಂದು ಮಾಡಿಕೊಂಡಾಗ, ಫ್ಯಾರಡೆ ಪ್ರಯಾಸಪಟ್ಟು ಹೊರಗಿಟ್ಟ ಧನ-ಋಣಗಳನ್ನು ಹಿಂಬಾಗಿಲಿನಿಂದ ಒಳಗೆ ಕರೆದೆವು. ಟಾರ್ಚಿನ ಸೆಲ್ಲು ಉರಿಯುತ್ತಿರುವಾಗ ಅದರ ಆನೋಡ್ ಋಣದ ತುದಿ! ಅದನ್ನು ಧನಾಗ್ರವೆಂದರೆ ವಿದ್ಯಾರ್ಥಿ ಕಂಗೆಡದೆ ಇನ್ನೇನಾದಾನು?

ಎಲ್ಲಕ್ಕಿಂತ ದೊಡ್ಡ ತೊಡಕು ಗಣಿತ. ಅಯಸ್ಕಾಂತದ ಮೇಲಿನ ಕಾಗದಕ್ಕೆ ಕಬ್ಬಿಣದ ಪುಡಿ ಉದುರಿಸಿದಾಗ ಕಾಣುವ ಗೆರೆಗಳನ್ನು ಶಾಲೆಯಲ್ಲಿ ನಾವೆಲ್ಲ ನೋಡಿದ್ದೇವೆ. ಫ್ಯಾರಡೆಗೆ ಆ ಬಲರೇಖೆಗಳು ಕೇವಲ ಚಿತ್ರವಲ್ಲ; ಶಕ್ತಿ ಇರುವುದು ವಸ್ತುವಿನ ಸುತ್ತಣ ಆ ಬಯಲಿನಲ್ಲಿ. ಆದರೆ ಅವನಿಗೆ ಅಂಕಗಣಿತದಿಂದ ಆಚೆ ಹೆಚ್ಚು ಬರುತ್ತಿರಲಿಲ್ಲ. ನ್ಯೂಟನ್ನನ ಸೂತ್ರಗಳಲ್ಲಿ ಪಳಗಿದವರು ಈ ಬಲರೇಖೆಗಳನ್ನು ಪ್ರಯೋಗಕಾರನ ಊರುಗೋಲೆಂದು ಬಗೆದು ಸುಮ್ಮನಾದರು. ಹತ್ತು ವರ್ಷದ ಹುಡುಗರನ್ನು ಒಂದು ಗಂಟೆ ಕದಲದಂತೆ ಕೂರಿಸಬಲ್ಲವನ ಮಾತು, ಅವನ ಸರೀಕರ ಕಿವಿಗೆ ಬೀಳಲಿಲ್ಲ.

ಬಿದ್ದದ್ದು ಒಬ್ಬ ಯುವಕನ ಕಿವಿಗೆ. 1855-56ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಈ ಬಲರೇಖೆಗಳನ್ನು ಗಣಿತದ ಭಾಷೆಗೆ ತಂದು ಕೇಂಬ್ರಿಜ್‌ನಲ್ಲಿ ಲೇಖನ ಓದಿದ. ಅದರ ಪ್ರತಿ ಕೈಸೇರಿದಾಗ, ಅಷ್ಟೊಂದು ಗಣಿತವನ್ನು ಕಂಡು ಮೊದಲು ಹೆದರಿಕೆಯೇ ಆಯಿತೆಂದು ಫ್ಯಾರಡೆ ಅವನಿಗೆ ಬರೆದ. ಅದೇ 1857ರ ನವೆಂಬರಿನಲ್ಲಿ ಬರೆದ ಇನ್ನೊಂದು ಪತ್ರದಲ್ಲಿ ಒಂದು ಬೇಡಿಕೆ ಇತ್ತು. ಗಣಿತಜ್ಞನು ತನ್ನ ತೀರ್ಮಾನಕ್ಕೆ ಬಂದ ಮೇಲೆ, ಅದನ್ನು ಸೂತ್ರಗಳಲ್ಲಿ ಹೇಳಿದಷ್ಟೇ ಪೂರ್ಣವಾಗಿ, ಸ್ಪಷ್ಟವಾಗಿ ಸಾಮಾನ್ಯ ಭಾಷೆಯಲ್ಲಿಯೂ ಹೇಳಬಾರದೆ? ಆ ಚಿತ್ರಲಿಪಿಯನ್ನು ಬಿಡಿಸಿ ಕೊಟ್ಟರೆ ನನ್ನಂಥವರು ಅದರ ಮೇಲೆ ಪ್ರಯೋಗ ಮಾಡಬಹುದಲ್ಲ, ಎಂದು. ಕೇಳಿದವನಿಗೆ 66, ಕೇಳಿಸಿಕೊಂಡವನಿಗೆ 26. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಪಾಠ ಕಲಿತು ಬಂದು, ಇವತ್ತು ಏನು ಹೇಳಿಕೊಟ್ಟರೋ ಮಗು ಎಂದು ಊರಿನಿಂದ ಬಂದ ಅಜ್ಜಿ ಕೇಳಿದರೆ, ನಿಮಗದು ತಿಳಿಯುವುದಿಲ್ಲ ಅಜ್ಜಿ ಎಂದು ಓಡಿಬಿಡುವುದನ್ನು ನೋಡಿದಾಗ ಆ ಪತ್ರದ ಬೆಲೆ ನನಗೆ ಇನ್ನೂ ಹೆಚ್ಚಾಗಿ ಕಾಣುತ್ತದೆ. ಅಜ್ಜಿಗೆ ಹೇಳಲು ಬಾರದ್ದನ್ನು ಮಗು ನಿಜವಾಗಿ ಕಲಿತಿದೆಯೇ ಎಂಬುದೂ ಒಂದು ಪ್ರಶ್ನೆಯೇ.

ಮ್ಯಾಕ್ಸ್‌ವೆಲ್‌ನ ಕೈಯಲ್ಲಿ ಬಲರೇಖೆಗಳು ಬೆಳೆದು, ಬೆಳಕು ಎಂಬುದು ವಿದ್ಯುತ್ತು-ಅಯಸ್ಕಾಂತಗಳ ಅಲೆಯೇ ಎಂಬಲ್ಲಿಗೆ ಮುಟ್ಟಿದವು. ಅವನ ಮಹಾಗ್ರಂಥ 1873ರಲ್ಲಿ ಬಂತು; ಫ್ಯಾರಡೆ 1867ರ ಆಗಸ್ಟ್ 25ರಂದೇ ತೀರಿಕೊಂಡಿದ್ದ. ಇದಕ್ಕೆಲ್ಲ ಬಹಳ ಮುಂಚೆ, 1832ರ ಮಾರ್ಚ್ 12ರಂದು, ಅವನು ರಾಯಲ್ ಸೊಸೈಟಿಯಲ್ಲಿ ಮುದ್ರೆ ಹಾಕಿದ ಪತ್ರವೊಂದನ್ನು ಇರಿಸಿದ್ದ. ನೂರು ವರ್ಷ ಕಳೆದ ಮೇಲೆ ಅದನ್ನು ಒಡೆದು ನೋಡಿದರು. ಅಯಸ್ಕಾಂತದ ಪ್ರಭಾವ ಹರಡಲು ಕಾಲ ಹಿಡಿಯುತ್ತದೆಂದೂ, ಕದಡಿದ ನೀರಿನ ಅಲೆಗಳಂತೆ ಅದು ಸಾಗಬಹುದೆಂದೂ ಅದರಲ್ಲಿ ಬರೆದಿತ್ತು. ಪ್ರಯೋಗದಿಂದ ತೋರಿಸಲಾಗದ್ದನ್ನು ಹೇಳಲು ಅವನ ಮನಸ್ಸು ಒಪ್ಪಲಿಲ್ಲ. ಗಣಿತದಿಂದ ಹೇಳಲು ಅವನಿಗೆ ಬಾರದು.

ರಾಯಲ್ ಇನ್‌ಸ್ಟಿಟ್ಯೂಷನ್ನಿನ ಮಾದರಿ ನಮ್ಮ ದೇಶಕ್ಕೂ ಬಂತು. 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು ಕಲ್ಕತ್ತೆಯ ಬೌಬಜಾರಿನಲ್ಲಿ ಭಾರತೀಯ ವಿಜ್ಞಾನ ಪ್ರಸಾರ ಸಂಘವನ್ನು ಸ್ಥಾಪಿಸುವಾಗ ಅವರ ಕಣ್ಣೆದುರಿಗಿದ್ದದ್ದು ಅದೇ. ಸಾರ್ವಜನಿಕ ಉಪನ್ಯಾಸಗಳು ಅಲ್ಲಿ ನಡೆದವು. 1907ರಲ್ಲಿ ಕೇಂದ್ರ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಚಂದ್ರಶೇಖರ ವೆಂಕಟರಾಮನ್ ಅವರು, ಟ್ರಾಮಿನಲ್ಲಿ ಹೋಗುವಾಗ ಅದರ ಬೋರ್ಡು ಕಂಡು ಇಳಿದುಹೋಗಿ ಬಾಗಿಲು ತಟ್ಟಿದರು. ಬೆಳಿಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸಾದ ಮೇಲೆ ಅಲ್ಲಿ ಪ್ರಯೋಗ. ಹಲವು ವರ್ಷ ಹೀಗೆ. ನಮ್ಮ ಹಾಗೆ ಕಡತ ನೋಡಿದವರು ಎಂಬ ಅಭಿಮಾನ ನನಗಿದೆ. 1933ರಲ್ಲಿ ಅವರು ಬೆಂಗಳೂರಿಗೆ ಬಂದರು.

ಬೆಂಗಳೂರಿನಲ್ಲಿ ಅಷ್ಟರಲ್ಲಾಗಲೇ ಕನ್ನಡದಲ್ಲಿ ಆ ಕೆಲಸಕ್ಕೆ ಕೈಹಾಕಿದವರಿದ್ದರು. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಅದು ನಡೆದದ್ದು ಎರಡೇ ವರ್ಷ.

ರಾಮನ್ ಅವರು 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದ ಮೇಲೆ, ಪ್ರತಿ ವರ್ಷ ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸ ಕೊಡುವ ಪದ್ಧತಿಯನ್ನು ಬೆಳೆಸಿದರು. 1968ರ ಡಿಸೆಂಬರ್ 22ರಂದು, ಎಂಬತ್ತರ ವಯಸ್ಸಿನಲ್ಲಿ, ಅಹಮದಾಬಾದಿನಲ್ಲಿ ಅವರು ಮಾತನಾಡಲು ಆರಿಸಿಕೊಂಡ ವಿಷಯ 'ಆಕಾಶ ಏಕೆ ನೀಲಿ?' ಎಂಬುದು. 1970ರ ಅಕ್ಟೋಬರ್ 2ರ ಉಪನ್ಯಾಸವನ್ನೂ ಅವರು ತಪ್ಪಿಸಲಿಲ್ಲ. ನವೆಂಬರ್ 21ರಂದು ತೀರಿಕೊಂಡರು.